ಊರ ಕೆರೆಯೂ ಊರ ಕಟ್ಟಳೆಯೂ



ಬೇಸಿಗೆಯ ದಿವಸಗಳಲ್ಲಿ ಬಯಲುಸೀಮೆಯ ಅನೇಕ ಹಳ್ಳಿಗಳಲ್ಲಿ ಹೊತ್ತು ಮೂಡುವದಕ್ಕೆ ಮುಂಚೆಯೇ ಕೊಡಗಳ ಸದ್ದು ಕೇಳುವದು. ತಾಯಂದಿರೂ ಹೆಣ್ಣುಮಕ್ಕಳೂ ನಲ್ಲಿಯ ಮುಂದೆ ಕೊಡಗಳನ್ನು ಸಾಲಾಗಿಟ್ಟು ಕಾದಿರುವರು. ನಲ್ಲಿಗೆ ನೀರು ಬಾರದಿದ್ದರೆ ಯಾರದಾದರೂ ಹೊಲದ ಕೊಳವೆ ಬಾವಿಗೆ ಹೋಗಿ ಬೇಡುವರು. ಅಲ್ಲಿಯೂ ಇಲ್ಲವಾದರೆ ಟ್ಯಾಂಕರಿನ ದಾರಿ ನೋಡುವರು. ಅವರು ಹೀಗೆ ಕಾಯುವ ಸ್ಥಳದಿಂದ ಕೂಗಳತೆಯ ದೂರದಲ್ಲಿಯೇ ಆ ಊರಿನ ಕೆರೆ ಇರುವದು. ಅದರ ಏರಿಯ ಮೇಲೆ ಜಾಲಿ ಬೆಳೆದಿದೆ, ತೂಬಿನ ಬಾಯಿ ಹೂಳಿನಲ್ಲಿ ಮುಚ್ಚಿದೆ, ಅಂಗಳದಲ್ಲಿ ದನಗಳು ಮೇಯುತ್ತವೆ. ಊರಿನ ಹಿರಿಯರನ್ನು ಕೇಳಿದರೆ, ಈ ಕೆರೆ ಕೋಡಿ ಬಿದ್ದದ್ದನ್ನು ನಮ್ಮ ಕಣ್ಣಾರೆ ಕಂಡಿದ್ದೇವೆ ಎಂದು ಹೇಳುವರು.

ಹಾಗಾದರೆ ಆ ನೀರು ಎಲ್ಲಿಗೆ ಹೋಯಿತು? ಮಳೆ ಕಡಿಮೆಯಾಯಿತೆಂದು ಕೆಲವರೂ, ಸರಕಾರದವರು ನೋಡಲಿಲ್ಲವೆಂದು ಕೆಲವರೂ ಹೇಳುವರು. ಈ ಮಾತುಗಳಲ್ಲಿ ಸ್ವಲ್ಪ ಸತ್ಯವುಂಟು. ಆದರೆ ಮೂಲಕಾರಣ ನಮ್ಮ ಮನೆಗಳಿಗೆ ಇನ್ನೂ ಸಮೀಪದಲ್ಲಿದೆ. ನೀರನ್ನು ತಡೆಯುವದು ಮಣ್ಣಿನ ಏರಿ. ತಡೆದ ನೀರನ್ನು ಉಳಿಸುವದು ಊರವರು ಕೂಡಿ ನಡಿಸುವ ಕಟ್ಟಳೆ. ಏರಿ ಒಡೆದರೆ ಒಂದು ಬೇಸಿಗೆಯಲ್ಲಿ ಕಟ್ಟಬಹುದು. ಕಟ್ಟಳೆ ಒಡೆದರೆ ಅದನ್ನು ಕಟ್ಟುವದಕ್ಕೆ ಹೆಚ್ಚು ಕಾಲವೂ ಹೆಚ್ಚು ತಾಳ್ಮೆಯೂ ಬೇಕು. ಈ ಪಾಠದಲ್ಲಿ ಅದನ್ನೇ ವಿಚಾರಿಸೋಣ.

೧. ಮಳೆಯ ಲೆಕ್ಕ

ಮೊದಲು ಒಂದು ಸಣ್ಣ ಲೆಕ್ಕವನ್ನು ಮಾಡೋಣ. ಒಂದು ಎಕರೆ ನೆಲದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಸುಮಾರು ೪,೦೦೦ ಲೀಟರ್ ನೀರಾಗುವದು. ವರ್ಷಕ್ಕೆ ೬೦೦ ಮಿಲಿಮೀಟರ್ ಮಳೆ ಬೀಳುವ ಊರಿನಲ್ಲಿ ಒಂದೇ ಎಕರೆಯ ಮೇಲೆ ಸುಮಾರು ೨೪ ಲಕ್ಷ ಲೀಟರ್ ನೀರು ಸುರಿಯುವದು. ಈಗ ಐದು ಮಂದಿಯ ಕುಟುಂಬವೊಂದರಲ್ಲಿ ತಲೆಗೆ ದಿನಕ್ಕೆ ೫೫ ಲೀಟರ್ ಪ್ರಕಾರ ಖರ್ಚಾದರೆ, ವರ್ಷವೆಲ್ಲಾ ಸೇರಿ ಸುಮಾರು ಒಂದು ಲಕ್ಷ ಲೀಟರ್ ಸಾಕು. ಎಂದರೆ ಒಂದು ಎಕರೆಯ ಮಳೆ ಇಪ್ಪತ್ತನಾಲ್ಕು ಮನೆಗಳ ಕುಡಿಯುವ, ಅಡಿಗೆಯ, ಸ್ನಾನದ ನೀರಿಗೆ ಸಮವಾಗಿದೆ.

ಬಿದ್ದ ಮಳೆಯೆಲ್ಲಾ ಕೈಗೆ ಸಿಕ್ಕುವದಿಲ್ಲವೆಂಬದು ನಿಜ. ಬಹುಭಾಗ ಆವಿಯಾಗಿ ಹೋಗುವದು, ಕೆಲವು ಭಾಗ ಹಳ್ಳದಲ್ಲಿ ಹರಿದುಹೋಗುವದು. ಆದಾಗ್ಯೂ ಈ ಲೆಕ್ಕದಿಂದ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಕುಡಿಯುವ ನೀರು ಇಲ್ಲದೆ ಹೋಗುವದಕ್ಕೆ ಮಳೆಯ ಕೊರತೆಯೊಂದೇ ಕಾರಣವಲ್ಲ. ನೀರಿನ ದೊಡ್ಡ ಪಾಲನ್ನು ಹೊಲಗಳ ಬೆಳೆಗಳು ಕುಡಿಯುತ್ತವೆ. ಆದಕಾರಣ ಯಾವ ಬೆಳೆಗೆ ಎಷ್ಟು ನೀರು, ಯಾರ ಹೊಲಕ್ಕೆ ಎಷ್ಟು ನೀರು ಎಂಬ ಪ್ರಶ್ನೆಯನ್ನು ಬಿಟ್ಟು ಊರಿನ ನೀರಿನ ಮಾತನ್ನು ಆಡಲಾಗದು.

೨. ಕೆರೆಯ ಅಂಗಗಳು

ಕರ್ನಾಟಕದಲ್ಲಿ ಸುಮಾರು ೩೬,೦೦೦ ಕೆರೆಗಳಿವೆ. ಇವುಗಳಲ್ಲಿ ಅನೇಕವು ನೂರಾರು ವರ್ಷ ಹಳೆಯವು. ಕೆರೆ ಎಂದರೆ ನೀರು ನಿಂತ ತಗ್ಗು ಮಾತ್ರವೆಂದು ತಿಳಿಯಬಾರದು. ಮಳೆಯ ನೀರು ಜಾರಿ ಬರುವ ಮೇಲಣ ಭೂಮಿ, ಅದನ್ನು ಕೆರೆಗೆ ತರುವ ಕಾಲುವೆಗಳು, ನೀರನ್ನು ತಡೆಯುವ ಏರಿ, ಹೊಲಗಳಿಗೆ ಬಿಡುವ ತೂಬು, ಹೆಚ್ಚಾದ ನೀರು ಹೊರಗೆ ಹೋಗುವ ಕೋಡಿ, ಕೆಳಗಿನ ಗದ್ದೆಗಳ ಅಚ್ಚುಕಟ್ಟು, ಇವೆಲ್ಲಾ ಸೇರಿ ಒಂದು ಕೆರೆ. ಮೇಲಿನ ಊರಿನ ಕೋಡಿಯ ನೀರು ಕೆಳಗಿನ ಊರಿನ ಕೆರೆಗೆ ಹೋಗುವದು. ಹೀಗೆ ಒಂದು ಹಳ್ಳದ ಮೇಲೆ ಅನೇಕ ಕೆರೆಗಳು ಸರಪಣಿಯ ಕೊಂಡಿಗಳಂತೆ ಕೂಡಿಕೊಂಡಿವೆ. ಒಂದು ಕೊಂಡಿ ಕಳಚಿದರೆ ಕೆಳಗಿನವರಿಗೂ ನಷ್ಟ.

ಕೆರೆಯಲ್ಲಿ ನಿಂತ ನೀರು ಗದ್ದೆಗೆ ಹರಿಯುವದಲ್ಲದೆ ನೆಲದೊಳಗೂ ಇಳಿಯುವದು. ಏರಿಯ ಕೆಳಗಿನ ತೆರೆದ ಬಾವಿಗಳಲ್ಲಿ ಬೇಸಿಗೆಯಲ್ಲಿಯೂ ನೀರು ಇರುತ್ತಿದ್ದದ್ದು ಇದರಿಂದಲೇ. ನಮ್ಮ ಬಯಲುಸೀಮೆಯ ಬಹುಭಾಗ ಗಟ್ಟಿ ಕಲ್ಲಿನ ನೆಲ. ಮೇಲಿನ ಸಡಿಲವಾದ ಪದರದಲ್ಲಿಯೂ ಅದರ ಕೆಳಗಿನ ಬಿರುಕುಗಳಲ್ಲಿಯೂ ಮಾತ್ರ ನೀರು ನಿಲ್ಲುವದು; ಆಳಕ್ಕೆ ಹೋದಷ್ಟು ಬಿರುಕುಗಳು ಕಡಿಮೆಯಾಗುತ್ತವೆ. ಆಳ ಕೊರೆದರೆ ಹೆಚ್ಚು ನೀರು ಸಿಕ್ಕುವದೆಂಬ ನಂಬಿಕೆ ಇಂಥ ನೆಲದಲ್ಲಿ ಅನೇಕರನ್ನು ಸಾಲಕ್ಕೆ ನೂಕಿದೆ.

೩. ನೀರಗಂಟಿಯ ಕೆಲಸ

ಹಿಂದಿನ ಕಾಲದಲ್ಲಿ ಈ ಕೆರೆಗಳನ್ನು ಯಾರು ಕಾಯುತ್ತಿದ್ದರು? ಕಟ್ಟಿಸಿದವರು ಅರಸರಾಗಲಿ ಗೌಡರಾಗಲಿ ಸಾಮಾನ್ಯ ಹೆಂಗಸರಾಗಲಿ, ನಡಿಸಿದವರು ಊರಿನವರೇ. ಹಳೆಯ ಶಾಸನಗಳಲ್ಲಿ ಬಿತ್ತುವಟ್ಟ, ಕೆರೆಗೊಡಗೆ ಎಂಬ ಮಾತುಗಳು ಬರುತ್ತವೆ. ಕೆರೆಯ ಕಾಪು ಮತ್ತು ದುರಸ್ತಿಯ ಸಲುವಾಗಿ ಹೊಲಗದ್ದೆಗಳನ್ನೂ ಅವುಗಳ ಉತ್ಪನ್ನವನ್ನೂ ಬಿಟ್ಟುಕೊಡುತ್ತಿದ್ದರೆಂಬದು ಇವುಗಳಿಂದ ತಿಳಿಯುತ್ತದೆ. ಕೆರೆಯನ್ನು ಕಟ್ಟಿದ ದಿನವೇ ಅದನ್ನು ಕಾಯುವ ಖರ್ಚಿಗೂ ದಾರಿ ಮಾಡಿಟ್ಟ ಈ ಬುದ್ಧಿ ಗಮನಿಸತಕ್ಕದ್ದು.

ನೀರನ್ನು ಬಿಡುವ ಕೆಲಸ ನೀರಗಂಟಿಯದು. ತೂಬನ್ನು ತೆಗೆಯುವದು, ಸರದಿಯ ಪ್ರಕಾರ ಒಂದೊಂದು ಗದ್ದೆಗೂ ನೀರು ಹಾಯಿಸುವದು, ಕಳ್ಳತನದಿಂದ ಕಾಲುವೆ ಒಡೆಯುವವರನ್ನು ತಡೆಯುವದು, ಮಳೆಯ ರಾತ್ರಿಯಲ್ಲಿ ಏರಿಯ ಮೇಲೆ ನಡೆದು ಸೋರುವ ಸ್ಥಳವನ್ನು ಕಂಡುಹಿಡಿಯುವದು, ಅಪಾಯ ಕಂಡರೆ ಊರನ್ನು ಎಬ್ಬಿಸುವದು, ಇವೆಲ್ಲಾ ಅವನ ಪಾಲಿಗೆ ಇದ್ದವು. ಸುಗ್ಗಿಯಲ್ಲಿ ರೈತರು ಅವನಿಗೆ ಧಾನ್ಯ ಅಳೆದು ಕೊಡುತ್ತಿದ್ದರು. ಕೆಲವು ಊರುಗಳಲ್ಲಿ ಮಳೆ ಕಡಿಮೆಯಾದ ವರ್ಷ ಅಚ್ಚುಕಟ್ಟನ್ನೆಲ್ಲಾ ಬಿತ್ತದೆ, ತೂಬಿಗೆ ಹತ್ತಿರವಾದ ಭೂಮಿಯನ್ನು ಮಾತ್ರ ಬಿತ್ತಿ, ಅದರಲ್ಲಿ ಎಲ್ಲರಿಗೂ ಅವರವರ ಹಿಡುವಳಿಗೆ ತಕ್ಕ ಪಾಲನ್ನು ಕೊಡುವ ಪದ್ಧತಿಯೂ ಇತ್ತು. ಕೊರತೆಯನ್ನು ಎಲ್ಲರೂ ಹಂಚಿಕೊಂಡದ್ದರಿಂದ ಒಬ್ಬನೇ ಹಾಳಾಗುತ್ತಿರಲಿಲ್ಲ.

೪. ಕಟ್ಟಳೆ ಹೇಗೆ ಸಡಿಲವಾಯಿತು

ಕಾಲಕ್ರಮದಲ್ಲಿ ಕೆರೆಗಳು ಸರಕಾರದ ಸ್ವತ್ತಾದವು. ಈಗ ೪೦ ಹೆಕ್ಟೇರಿಗಿಂತ ಕಡಿಮೆ ಅಚ್ಚುಕಟ್ಟುಳ್ಳ ಕೆರೆಗಳು ಪಂಚಾಯತಿಗಳ ಕೈಯಲ್ಲಿಯೂ ಅದಕ್ಕಿಂತ ದೊಡ್ಡವು ಸಣ್ಣ ನೀರಾವರಿ ಇಲಾಖೆಯ ಕೈಯಲ್ಲಿಯೂ ಇವೆ. ೧೯೬೧ರ ಶಾಸನದಿಂದ ವಂಶಪಾರಂಪರ್ಯದ ಗ್ರಾಮಾಧಿಕಾರಗಳು ರದ್ದಾದವು. ಹುಟ್ಟಿನಿಂದ ಬಂದ ಅಧಿಕಾರವೂ ಹುಟ್ಟಿನಿಂದ ಬಂದ ಊಳಿಗವೂ ಹೋದದ್ದು ನ್ಯಾಯವೇ ಸರಿ. ಆದರೆ ನೀರಗಂಟಿಯ ಕೆಲಸಕ್ಕೆ ಬದಲಾಗಿ ಸಂಬಳವುಳ್ಳ ಬೇರೆ ಏರ್ಪಾಡನ್ನು ಎಷ್ಟೋ ಊರುಗಳು ಮಾಡಿಕೊಳ್ಳಲಿಲ್ಲ. ಎಲ್ಲರ ಕೆಲಸ ಯಾರ ಕೆಲಸವೂ ಆಗದೆ ಹೋಯಿತು.

ಅಷ್ಟರಲ್ಲಿ ಕೊಳವೆ ಬಾವಿ ಬಂತು. ಹೊಲದಲ್ಲಿಯೇ ನೀರು ಸಿಕ್ಕಿದ ಮೇಲೆ ಕೆರೆಯ ಕಡೆಗೆ ಯಾರು ನೋಡುವರು? ನೀರು ತರುವ ಕಾಲುವೆಗಳನ್ನು ಅಕ್ಕಪಕ್ಕದವರು ಉತ್ತು ಹೊಲಕ್ಕೆ ಸೇರಿಸಿಕೊಂಡರು. ಮೇಲಣ ಭೂಮಿಯಲ್ಲಿ ನೀಲಗಿರಿ ತೋಪುಗಳು ಎದ್ದವು. ಅಂಗಳದಿಂದ ಮರಳನ್ನೂ ಇಟ್ಟಿಗೆಯ ಮಣ್ಣನ್ನೂ ಹೊತ್ತರು. ಹೂಳು ತುಂಬಿ ಕೆರೆ ತಟ್ಟೆಯಂತಾಯಿತು.

ಒಂದು ಊರನ್ನು ಮನಸ್ಸಿಗೆ ತಂದುಕೊಳ್ಳಿರಿ. ಒಬ್ಬ ರೈತನು ಸಾಲ ಮಾಡಿ ೩೦೦ ಅಡಿ ಕೊರೆಯಿಸಿದನು, ನೀರು ಬಂತು. ಅವನ ನೆರೆಯವನು ೬೦೦ ಅಡಿ ಕೊರೆಯಿಸಿದನು. ಮೊದಲನೆಯವನ ಬಾವಿ ಬತ್ತಿತು. ಅವನು ಹೆಂಡತಿಯ ಒಡವೆಯನ್ನು ಅಡವಿಟ್ಟು ಇನ್ನೂ ಆಳಕ್ಕೆ ಹೋದನು. ಇವರಿಬ್ಬರೂ ಒಬ್ಬರನ್ನೊಬ್ಬರು ದ್ವೇಷಿಸಿದವರಲ್ಲ. ಹಬ್ಬಕ್ಕೆ ಒಬ್ಬರ ಮನೆಗೆ ಒಬ್ಬರು ಹೋಗುವವರೇ. ಆದರೂ ನೆಲದ ಕೆಳಗೆ ಒಬ್ಬನು ಇನ್ನೊಬ್ಬನ ನೀರನ್ನು ಎಳೆಯುತ್ತಿದ್ದನು. ಬಾವಿ ತೋಡಿಸಲು ಎಂದೂ ಹಣವಿಲ್ಲದ ಮೂರನೆಯವನ ಮನೆಯ ಕೊಡ ಮಾತ್ರ ಎಲ್ಲರಿಗಿಂತ ಮೊದಲು ಬರಿದಾಯಿತು. ಕೋಲಾರದ ಸೀಮೆಯಲ್ಲಿ ಕೊಳವೆ ಬಾವಿಗಳು ಸಾವಿರ ಅಡಿಗಿಂತಲೂ ಕೆಳಗೆ ಇಳಿದದ್ದು ಈ ರೀತಿಯಲ್ಲಿಯೇ. ಅಲ್ಲಿಯ ಆಳದ ನೀರಿನಲ್ಲಿ ಅನೇಕ ಕಡೆ ಫ್ಲೋರೈಡ್ ಎಂಬ ಲವಣ ಮಿತಿಮೀರಿದೆ. ಅಂಥ ನೀರನ್ನು ಬಹುಕಾಲ ಕುಡಿದರೆ ಮಕ್ಕಳ ಹಲ್ಲುಗಳು ಕಂದುಗಟ್ಟುವವು, ದೊಡ್ಡವರ ಎಲುಬುಗಳೂ ಕೀಲುಗಳೂ ಬಿರುಸಾಗುವವು.

೫. ಹಳೆಯ ಕಟ್ಟಳೆಯ ದೋಷ

ಹೀಗೆಂದು ಹಳೆಯ ಕಾಲವನ್ನೇ ತಿರಿಗಿ ತರಬೇಕೆಂದು ಯಾರೂ ತಿಳಿಯಬಾರದು. ಆ ಕಟ್ಟಳೆಯಲ್ಲಿ ಒಂದು ದೊಡ್ಡ ಅನ್ಯಾಯವಿತ್ತು. ಅದನ್ನು ಮರೆಮಾಚಿದರೆ ಪಾಠವು ಸುಳ್ಳಾಗುವದು. ಕೋಲಾರ ಸೀಮೆಯ ಅನೇಕ ಊರುಗಳಲ್ಲಿ ನೀರಗಂಟಿಯಾಗಿದ್ದವನು ದಲಿತ ಕೇರಿಯವನು. ಎಲ್ಲರ ಗದ್ದೆಗೂ ನೀರು ಬಿಟ್ಟವನು ಅವನೇ. ಆದರೆ ಮೇಲ್ಕೇರಿಯ ಬಾವಿಗೆ ಅವನ ಹೆಂಡತಿ ಕೊಡವನ್ನು ಇಳಿಸುವ ಹಾಗಿರಲಿಲ್ಲ. ಅವಳು ದೂರ ನಿಂತು, ಯಾರಾದರೂ ಕರುಣೆಯಿಂದ ಮೇಲಿನಿಂದ ಸುರಿದರೆ ತುಂಬಿಕೊಳ್ಳಬೇಕಾಗಿತ್ತು. ನಮ್ಮ ವಾಚಕರಲ್ಲಿ ಅನೇಕರ ಅಜ್ಜಅಜ್ಜಿಯರು ಹಾಗೆ ನಿಂತವರೇ ಆದದರಿಂದ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಮುಂಬಯಿ ಪ್ರಾಂತದ ಶಾಸನಸಭೆಯು ೧೯೨೩ರಲ್ಲಿಯೇ ಸಾರ್ವಜನಿಕ ಕೆರೆಬಾವಿಗಳು ಎಲ್ಲರಿಗೂ ತೆರೆದಿರಬೇಕೆಂದು ನಿರ್ಣಯಿಸಿತ್ತು. ಕೊಂಕಣದ ಮಹಾಡ್ ಊರಿನ ಪುರಸಭೆಯೂ ತನ್ನ ಚವದಾರ ಕೆರೆಯನ್ನು ತೆರೆದೆನೆಂದು ಹೇಳಿತು. ಕಾಗದದ ಮೇಲೆ ತೆರೆದ ಕೆರೆ ನಿಜವಾಗಿ ಮುಚ್ಚಿಯೇ ಇತ್ತು. ೧೯೨೭ನೆಯ ಮಾರ್ಚ್ ೨೦ರಂದು ಡಾ. ಅಂಬೇಡ್ಕರರು ಸಾವಿರಾರು ಜನರೊಂದಿಗೆ ನಡೆದು ಹೋಗಿ ಆ ಕೆರೆಯ ನೀರನ್ನು ಬೊಗಸೆಯಲ್ಲಿ ತೆಗೆದು ಕುಡಿದರು. ಅದಕ್ಕಾಗಿ ಅವರ ಸಂಗಡಿಗರು ಪೆಟ್ಟು ತಿಂದರು, ವ್ಯಾಜ್ಯ ನಡೆಯಿತು, ಅದು ಸಾರ್ವಜನಿಕರ ಕೆರೆಯೇ ಎಂದು ಹೈಕೋರ್ಟಿನಲ್ಲಿ ತೀರ್ಪಾದದ್ದು ೧೯೩೭ರಲ್ಲಿ. ೧೯೫೦ರಿಂದ ಜಾರಿಯಲ್ಲಿರುವ ಭಾರತ ಸಂವಿಧಾನದ ೧೫ನೆಯ ಅನುಚ್ಛೇದವು ಸಾರ್ವಜನಿಕವಾದ ಬಾವಿ, ಕೆರೆ, ಸ್ನಾನಘಟ್ಟಗಳನ್ನು ಜಾತಿಮತಗಳ ಕಾರಣದಿಂದ ಯಾರಿಗೂ ತಡೆಯಬಾರದೆಂದು ವಿಧಿಸುತ್ತದೆ.

ಆದಕಾರಣ ಕಟ್ಟಳೆ ಬೇಕೆಂಬದು ಎಷ್ಟು ಸತ್ಯವೋ, ಅದು ಎಲ್ಲರೂ ಕೂಡಿ ಮಾಡಿದ ಕಟ್ಟಳೆಯಾಗಬೇಕೆಂಬದೂ ಅಷ್ಟೇ ಸತ್ಯ. ಹಾಗೆ ಮಾಡಿದ ಊರುಗಳು ಇವೆಯೋ ಎಂದು ಕೇಳುವಿರಾದರೆ, ಇವೆ. ನೆರೆಯ ಮಹಾರಾಷ್ಟ್ರದಿಂದ ಎರಡನ್ನು ಹೇಳುವೆವು.

೬. ನಾಯಗಾಂವಿನ ನೀರಿನ ಪಂಚಾಯತಿ

೧೯೭೨ರಲ್ಲಿ ಮಹಾರಾಷ್ಟ್ರಕ್ಕೆ ದೊಡ್ಡ ಬರ ಬಂತು. ಪುಣೆಯಲ್ಲಿ ಕಾರಖಾನೆ ನಡಿಸುತ್ತಿದ್ದ ಇಂಜಿನಿಯರ್ ವಿಲಾಸರಾವ್ ಸಾಳುಂಖೆ ಎಂಬವರು ಪುರಂದರ ತಾಲೂಕಿನಲ್ಲಿ ರೈತರು ಹೊಲ ಬಿಟ್ಟು ಕಲ್ಲು ಒಡೆಯುವದನ್ನು ಕಂಡರು. ಅವರು ನಾಯಗಾಂವ್ ಎಂಬಲ್ಲಿ ದೇವಸ್ಥಾನದ ಬರಡು ಭೂಮಿಯನ್ನು ಗೇಣಿಗೆ ಪಡೆದು, ಬದುಗಳನ್ನು ಹಾಕಿ, ಸಣ್ಣ ಕೆರೆ ಕಟ್ಟಿ, ಬಾವಿ ತೋಡಿ, ಬಿದ್ದ ಮಳೆಯಿಂದಲೇ ಬೆಳೆ ತೆಗೆದರು. ಅದನ್ನು ನೋಡಿದ ರೈತರು ಕೂಡಿಬಂದಾಗ ಪಾಣಿ ಪಂಚಾಯತ್ ಎಂಬ ಏರ್ಪಾಡು ಹುಟ್ಟಿತು. ಅದರ ಮುಖ್ಯ ಕಟ್ಟಳೆಗಳು ಇವು:

ನೀರು ಒಬ್ಬನಿಗಲ್ಲ, ಕೂಡಿದ ಗುಂಪಿಗೆ ಮಾತ್ರ.

ಪಾಲನ್ನು ಹೊಲದ ವಿಸ್ತಾರದಿಂದಲ್ಲ, ಮನೆಯ ತಲೆಗಳಿಂದ ಎಣಿಸತಕ್ಕದ್ದು. ತಲೆಗೆ ಅರ್ಧ ಎಕರೆಗೆ ಬೇಕಾದಷ್ಟು ನೀರು. ಒಂದು ಕುಟುಂಬಕ್ಕೆ ಹೆಚ್ಚೆಂದರೆ ಎರಡೂವರೆ ಎಕರೆಗೆ.

ಭೂಮಿಯನ್ನು ಮಾರಿದರೆ ನೀರಿನ ಹಕ್ಕು ಅದರ ಸಂಗಡ ಹೋಗದು.

ಭೂಮಿಯಿಲ್ಲದವರಿಗೂ ನೀರಿನಲ್ಲಿ ಪಾಲುಂಟು.

ಕಬ್ಬಿನಂಥ ಬಹಳ ನೀರು ಕುಡಿಯುವ ಬೆಳೆ ಕೂಡದು.

ಖರ್ಚಿನಲ್ಲಿ ನೂರಕ್ಕೆ ಇಪ್ಪತ್ತನ್ನು ಪಾಲುದಾರರೇ ಹಾಕತಕ್ಕದ್ದು.

ನಾಲ್ಕನೆಯ ಕಟ್ಟಳೆಯನ್ನು ಇನ್ನೊಮ್ಮೆ ಓದಿರಿ. ಹೊಲವಿಲ್ಲದವನಿಗೆ ನೀರು ಏತಕ್ಕೆ ಎಂದು ಕೇಳಬಹುದು. ಪಾಲು ಇದ್ದವನು ಇನ್ನೊಬ್ಬರ ಹೊಲವನ್ನು ಕೋರಿಗೆ ಪಡೆದು ಬೆಳೆಯಬಹುದು. ಊರಿನ ಕೂಟದಲ್ಲಿ ಕೂತು ಮಾತಾಡಬಹುದು. ಮಳೆ ಯಾರ ಪಹಣಿಯನ್ನೂ ನೋಡಿ ಬೀಳುವದಿಲ್ಲವೆಂಬ ಮಾತನ್ನು ಈ ರೈತರು ಲೆಕ್ಕದ ಪುಸ್ತಕದಲ್ಲಿ ಬರೆದುಕೊಂಡರು. ಇಂಥ ಗುಂಪುಗಳಲ್ಲಿ ಕೆಲವು ಮುಂದೆ ನಿಂತುಹೋದವು. ಒಮ್ಮೆ ಮಾಡಿದ ಕಟ್ಟಳೆ ತಾನಾಗಿ ನಡೆಯದು, ವರ್ಷವರ್ಷವೂ ಅದನ್ನು ಕಾಯಬೇಕೆಂಬದಕ್ಕೆ ಇದೂ ಒಂದು ದೃಷ್ಟಾಂತ.

೭. ಹಿವರೆ ಬಜಾರಿನ ವರ್ಷದ ಲೆಕ್ಕ

ಅಹಮದ್‌ನಗರವೆಂದು ಹೆಸರಿದ್ದ, ಈಗ ಅಹಿಲ್ಯಾನಗರವೆನ್ನುವ ಜಿಲ್ಲೆಯಲ್ಲಿ ಹಿವರೆ ಬಜಾರ್ ಎಂಬ ಸಣ್ಣ ಊರುಂಟು. ಮಳೆ ಬಹಳ ಕಡಿಮೆ. ೧೯೭೨ರ ಬರದ ತರುವಾಯ ಊರಿನ ಅನೇಕರು ಪುಣೆ ಮುಂಬಯಿಗಳಿಗೆ ಕೂಲಿಗೆ ಹೋದರು. ಉಳಿದವರಲ್ಲಿ ಕುಡಿತವೂ ಜಗಳವೂ ಹೆಚ್ಚಿದವು. ಅಲ್ಲಿಯ ಯುವಕರು ೧೯೯೦ರ ಸುಮಾರಿಗೆ ಪೋಪಟರಾವ್ ಪವಾರ್ ಎಂಬ ಓದಿದ ತರುಣನನ್ನು ಸರಪಂಚನನ್ನಾಗಿ ಆರಿಸಿದರು. ೧೯೯೪ರಲ್ಲಿ ಊರು ಸರಕಾರದ ಆದರ್ಶ ಗ್ರಾಮ ಯೋಜನೆಗೆ ಸೇರಿತು. ಜನರು ಶ್ರಮದಾನದಿಂದ ಗುಡ್ಡಗಳ ಇಳಿಜಾರಿನಲ್ಲಿ ಅಡ್ಡ ಕಾಲುವೆಗಳನ್ನು ತೋಡಿದರು, ಒಡ್ಡುಗಳನ್ನು ಹಾಕಿದರು, ಗಿಡ ನೆಟ್ಟರು. ಮರ ಕಡಿಯುವದನ್ನೂ ದನಗಳನ್ನು ಎಲ್ಲೆಂದರಲ್ಲಿ ಮೇಯಬಿಡುವದನ್ನೂ ತಾವೇ ನಿಷೇಧಿಸಿದರು.

ಒಡ್ಡುಗಳನ್ನು ಎಷ್ಟೋ ಊರುಗಳವರು ಹಾಕಿದ್ದಾರೆ. ಹಿವರೆ ಬಜಾರಿನ ವಿಶೇಷವೇನಂದರೆ, ಬಾವಿಗಳಲ್ಲಿ ನೀರು ಮೇಲೆ ಬಂದ ಮೇಲೆಯೂ ಅವರು ಕೈ ಹಿಡಿದುಕೊಂಡರು. ಬೆಳೆಗಾಗಿ ಕೊಳವೆ ಬಾವಿ ಕೊರೆಯಬಾರದು, ಕಬ್ಬು ಬಾಳೆ ಹಾಕಬಾರದು ಎಂದು ನಿರ್ಣಯಿಸಿದರು. ಪ್ರತಿವರ್ಷ ಮಳೆಗಾಲ ಮುಗಿದಾಗ ಬಿದ್ದ ಮಳೆಯನ್ನೂ ಬಾವಿಗಳ ಮಟ್ಟವನ್ನೂ ಅಳೆದು, ಗ್ರಾಮಸಭೆಯಲ್ಲಿ ನೀರಿನ ಆಯವ್ಯಯವನ್ನು ಓದುವರು. ಜನರಿಗೂ ದನಗಳಿಗೂ ಕುಡಿಯುವ ನೀರನ್ನು ಮೊದಲು ತೆಗೆದಿಡುವರು. ಉಳಿದದ್ದಕ್ಕೆ ತಕ್ಕಂತೆ ಬೆಳೆಯನ್ನು ಗೊತ್ತುಮಾಡುವರು. ಮಳೆ ಕಡಿಮೆಯಾದ ವರ್ಷ ಹೆಚ್ಚು ನೀರಿನ ಬೆಳೆಯನ್ನು ಬಿಡುವರು. ಊರು ಬಿಟ್ಟು ಹೋದ ಕುಟುಂಬಗಳಲ್ಲಿ ಅನೇಕವು ತಿರಿಗಿ ಬಂದವು. ೨೦೨೦ರಲ್ಲಿ ಪವಾರರಿಗೆ ಪದ್ಮಶ್ರೀ ಗೌರವ ಸಿಕ್ಕಿತು; ಅದಕ್ಕಿಂತ ದೊಡ್ಡ ಗೌರವ, ಹಿಂದೆ ಹೊರಗೆ ಕೂಲಿಗೆ ಹೋದವರ ಮಕ್ಕಳು ಊರಲ್ಲಿಯೇ ಇದ್ದು ಶಾಲೆಗೆ ಹೋಗುವದು.

೮. ನಾವು ಮಾಡತಕ್ಕದ್ದು

ಇಷ್ಟು ಓದಿದವರು, ನಮ್ಮಂಥ ಬಡವರಿಂದ ಏನಾದೀತು ಎನ್ನಬಾರದು. ಈ ಕೆಳಗಿನವು ಯಾವ ಊರಿಗಾದರೂ ಸಾಧ್ಯವಾದವು.

ಮೊದಲನೆಯದು: ಬೇಸಿಗೆಯಲ್ಲಿ ಒಂದು ದಿನ ಗಂಡಸರೂ ಹೆಂಗಸರೂ ಎಲ್ಲಾ ಕೇರಿಯವರೂ ಕೂಡಿ, ನೀರು ಹುಟ್ಟುವ ಮೇಲ್ಭಾಗದಿಂದ ಕೋಡಿಯ ವರೆಗೆ ನಡೆದು ನೋಡಿರಿ. ಕಾಲುವೆ ಎಲ್ಲಿ ಮುಚ್ಚಿದೆ, ಏರಿಯಲ್ಲಿ ಹೆಗ್ಗಣದ ಬಿಲ ಎಲ್ಲಿದೆ, ತೂಬು ಎಲ್ಲಿ ಸೋರುತ್ತದೆ ಎಂದು ಬರೆದುಕೊಳ್ಳಿರಿ.

ಎರಡನೆಯದು: ಪಂಚಾಯತಿಯ ಇಲ್ಲವೆ ಇಲಾಖೆಯ ಅಪ್ಪಣೆ ಪಡೆದು ಹೂಳು ತೆಗೆಯಿರಿ. ಹೂಳು ಹೊಲಕ್ಕೆ ಒಳ್ಳೇ ಗೊಬ್ಬರ. ಆದರೆ ಏರಿಯ ಬುಡದಲ್ಲಿ ಅಗೆಯಬಾರದು. ಹೆಚ್ಚು ನೀರು ನಿಲ್ಲಲೆಂದು ಕೋಡಿಯನ್ನು ಎತ್ತರಿಸಲೂಬಾರದು. ಹಾಗೆ ಮಾಡಿದರೆ ದೊಡ್ಡ ಮಳೆಗೆ ಏರಿಯೇ ಒಡೆದೀತು.

ಮೂರನೆಯದು: ಮಳೆಗಾಲ ಮುಗಿದೊಡನೆ ನೀರಿನ ಲೆಕ್ಕಕ್ಕಾಗಿ ಗ್ರಾಮಸಭೆ ಸೇರಲಿ. ಮುಂದಿನ ಮಳೆಯ ವರೆಗೆ ಮನೆಗಳಿಗೂ ದನಗಳಿಗೂ ಬೇಕಾದದ್ದನ್ನು ಮೊದಲು ಬದಿಗಿಟ್ಟು, ಆಮೇಲೆ ಬೆಳೆಯ ಮಾತಾಡಿರಿ. ನೀರು ಹೊರುವವರು ಹೆಂಗಸರು; ಆದಕಾರಣ ಈ ಸಭೆಯಲ್ಲಿ ಅವರ ಮಾತು ಮೊದಲು ಕೇಳಲ್ಪಡಲಿ.

ನಾಲ್ಕನೆಯದು: ನೀರು ಬಿಡುವವನನ್ನು ಜಾತಿಯಿಂದಲ್ಲ, ನಂಬಿಗಸ್ತಿಕೆಯಿಂದ ಆರಿಸಿ, ತಪ್ಪದೆ ಸಂಬಳ ಕೊಡಿರಿ. ಹಣದ ಲೆಕ್ಕವನ್ನು ಎಲ್ಲರ ಮುಂದೆ ಓದಿರಿ.

ಐದನೆಯದು: ಹೊಸ ಕೊಳವೆ ಬಾವಿಯ ಮಾತು ಬಂದಾಗ ಒಬ್ಬೊಬ್ಬರೇ ತೀರ್ಮಾನಿಸದೆ, ನೆರೆಯವನ ಬಾವಿಗೆ ಏನಾಗುವದೆಂದು ಕೂಡಿ ವಿಚಾರಿಸಿರಿ.

ಈ ಐದರಲ್ಲಿ ಹಣದಿಂದ ಆಗುವದು ಎರಡನೆಯದು ಮಾತ್ರ. ಉಳಿದ ನಾಲ್ಕಕ್ಕೆ ಬೇಕಾದದ್ದು ಒಬ್ಬರನ್ನೊಬ್ಬರು ನಂಬುವ ಮನಸ್ಸು. ತನ್ನ ಪಾಲಿಗಿಂತ ಒಂದು ತಾಸು ಹೆಚ್ಚು ನೀರನ್ನು ಕತ್ತಲಲ್ಲಿ ತಿರಿಗಿಸಿಕೊಳ್ಳಬಲ್ಲವನು ಹಾಗೆ ಮಾಡದೆ ಮನೆಗೆ ಹೋಗಿ ಮಲಗಿದರೆ, ಆ ರಾತ್ರಿ ಊರಿನ ಕೆರೆ ಕಾಯಲ್ಪಟ್ಟಿತು.

ಕೂಡಿ ಆಲೋಚಿಸತಕ್ಕ ಪ್ರಶ್ನೆಗಳು

೧. ನಮ್ಮ ಊರಿನ ಕೆರೆಗೆ ನೀರು ಯಾವ ಕಡೆಯಿಂದ ಬರುತ್ತಿತ್ತು? ಆ ದಾರಿ ಈಗ ತೆರೆದಿದೆಯೋ?

೨. ಕೊನೆಯ ಸಾರಿ ಹೂಳು ತೆಗೆದದ್ದು ಯಾವಾಗ? ಯಾರು ಕೂಡಿದ್ದರು?

೩. ನಮ್ಮ ಊರಿನಲ್ಲಿ ನೀರು ಕಡಿಮೆಯಾದಾಗ ಮೊದಲು ಬತ್ತುವ ಮನೆ ಯಾರದು? ಆ ಮನೆಯವರು ನೀರಿನ ತೀರ್ಮಾನ ಮಾಡುವ ಕೂಟದಲ್ಲಿ ಇದ್ದಾರೋ?

೪. ಭೂಮಿಯಿಲ್ಲದವನಿಗೂ ನೀರಿನಲ್ಲಿ ಪಾಲುಂಟೆಂಬ ನಾಯಗಾಂವಿನ ಕಟ್ಟಳೆಗೆ ನಮ್ಮ ಊರು ಒಪ್ಪೀತೋ? ಒಪ್ಪದಿದ್ದರೆ ಅಡ್ಡಿ ಯಾವದು?